ಒಂಬತ್ತನೇ ಪ್ರಶ್ನೆಯನ್ನು ನಾನು ಅಬ್ಬೆಯ ಹತ್ತಿರ ಕೇಳಲಿಲ್ಲ

ನೀರ್ಚಾಲಿನ ಮಗಳು
ಬುಧವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನದಿಂದ ಯೋಚಿಸಿದ್ದೇನೆ. ಇಲ್ಲಿ ಇರುವವರು ಹೆಚ್ಚಿನವರು ಕಾಸರಗೋಡಿನ ಕನ್ನಡದವರೇ, ಹೇಳಿದರೆ ಅರ್ಥ ಆಗುತ್ತದೆ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಅಬ್ಬೆಗೆ ಈಗ 67. ಅಪ್ಪ ತೀರಿಹೋಗಿ ಒಂದೂವರೆ ವರ್ಷ. ಈ ಮಳೆಗಾಲ ಶುರುವಾದಂದಿನಿಂದ ಊಟ ಸೇರುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂತಿರುತ್ತಾರೆ. ಮೊದಲು ಸಂಜೆಯೊಳಗೆ ಎರಡು ಬುಟ್ಟಿ ಅಡಿಕೆ ಸುಲಿಯುತ್ತಿದ್ದವರು ಈಗ ಮೆಟ್ಟುಕತ್ತಿಯ ಎದುರು ಸುಮ್ಮನೆ ಕೂತು ಬಿಡುತ್ತಾರೆ. ರಕ್ತ, ಸಕ್ಕರೆ, ಥೈರಾಯ್ಡ್ ಎಲ್ಲ ನೋಡಿಸಿದೆವು, ಎಲ್ಲ ಸರಿ ಉಂಟು. ಕೊನೆಗೆ ಮನಸ್ಸಿನ ಡಾಕ್ಟರ ಹತ್ತಿರ ಹೋದೆವು. ಎಲ್ಲಿಗೆ ಎಂದು ಹೇಳುವುದಿಲ್ಲ, ಅವರ ಮೇಲೆ ನನಗೆ ದೂರು ಇಲ್ಲ. ಚಿಕ್ಕ ಪ್ರಾಯದ ಡಾಕ್ಟರು, ಕೇರಳದ ತೆಂಕಣ ಕಡೆಯವರು, ಬಹಳ ತಾಳ್ಮೆಯಿಂದ ಮಾತಾಡಿದರು. ಆದರೆ ಅವರಿಗೆ ಕನ್ನಡ ಬರುವುದಿಲ್ಲ. ಅಬ್ಬೆಗೆ ಮಲಯಾಳ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಮಾತ್ರ. ಹಾಗಾಗಿ ನಡುವೆ ನಾನು ಕೂತೆ.

ಒಂಬತ್ತು ಪ್ರಶ್ನೆಗಳ ಒಂದು ಹಾಳೆ. ಕಳೆದ ಎರಡು ವಾರದಲ್ಲಿ ಹೀಗೆ ಆಗಿದೆಯಾ ಎಂದು ಕೇಳುವುದು. ಇಲ್ಲವೇ ಇಲ್ಲ ಎಂದರೆ 0, ಹೆಚ್ಚುಕಮ್ಮಿ ದಿನಾ ಎಂದರೆ 3. ಎರಡನೆಯ ಪ್ರಶ್ನೆಗೆ ನಾನು "ಬೇಜಾರ ಆವ್ತಾ ಅಬ್ಬೇ?" ಎಂದು ಕೇಳಿದೆ. "ಬೇಜಾರ ಎಂತಕೆ? ನೆರೆಕರೆಯವು ಇದ್ದವು, ಟಿ.ವಿ. ಇದ್ದು" ಎಂದರು. ಹೊತ್ತು ಹೋಗುವುದಿಲ್ಲವಾ ಎಂದು ಕೇಳಿದ ಹಾಗೆ ಅವರಿಗೆ ಕೇಳಿಸಿತು. ನಾನು 0 ಹೇಳಿದೆ.

ಒಂಬತ್ತನೆಯದು, ಸತ್ತುಹೋದರೆ ಒಳ್ಳೆಯದಿತ್ತು ಎಂದೋ ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಎಂದೋ ಅನಿಸಿದೆಯಾ ಎಂಬುದು. ಡಾಕ್ಟರು ಕೇಳಿದರು, ನನ್ನ ಮುಖ ನೋಡಿದರು. ನಾನು ಅಬ್ಬೆಯ ಕಡೆ ತಿರುಗಲೇ ಇಲ್ಲ. ಹೆತ್ತ ಅಬ್ಬೆಯ ಹತ್ತಿರ ಹೇಗೆ ಕೇಳಲಿ? "ಇಲ್ಲ" ಎಂದು ನಾನೇ ಹೇಳಿಬಿಟ್ಟೆ. ಒಟ್ಟು 9 ಬಂತು. ಒಂದು ತಿಂಗಳು ಬಿಟ್ಟು ಬನ್ನಿ, ಮದ್ದು ಸದ್ಯ ಬೇಡ ಎಂದರು.

ಕಳೆದ ಶನಿವಾರ ರಾತ್ರಿ ಜಗಲಿಯಲ್ಲಿ ಅವರ ಹತ್ತಿರ ಹೋಗಿ ಕೂತೆ. ಅವರಾಗಿಯೇ ಹೇಳಿದರು, "ಎನಗೆ ಸಾಕಾತು ಮಗಳೇ. ಇರುಳು ಒರಗಿದ್ದು ಉದಿಯಪ್ಪಗ ಏಳದ್ದರೆ ಒಳ್ಳೆದಿತ್ತು." ರಾತ್ರಿ ಮಲಗಿದವಳು ಬೆಳಿಗ್ಗೆ ಏಳದಿದ್ದರೆ ಒಳ್ಳೆಯದಿತ್ತು ಎಂದು.

ಅಂದಿನಿಂದ ನನಗೂ ನಿದ್ದೆ ಇಲ್ಲ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ರೋಗಿಯ ಭಾಷೆ ಬೇರೆ, ಡಾಕ್ಟರ ಭಾಷೆ ಬೇರೆ ಇದ್ದಾಗ ಏನು ಮಾಡಬೇಕು ಎಂದು ಯಾರಾದರೂ ಸಂಶೋಧನೆ ಮಾಡಿದ್ದಾರಾ?


ಮುಳ್ಳೇರಿಯದ ಸಿಸ್ಟರ್
ಬುಧವಾರ, ರಾತ್ರಿ 11:05

ಉಳಿದದ್ದೆಲ್ಲ ಆಮೇಲೆ ಮಾತಾಡುವ. ಮೊದಲು ಇಷ್ಟು ಮಾಡಿ. ತಿಂಗಳು ಕಾಯುವುದು ಬೇಡ, ನಾಳೆಯೋ ನಾಡಿದ್ದೋ ಅದೇ ಡಾಕ್ಟರ ಹತ್ತಿರ ಹೋಗಿ, "ಅಂದು ನಾನು ಆ ಪ್ರಶ್ನೆ ಕೇಳಿರಲಿಲ್ಲ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಯಾರೂ ಬೈಯುವುದಿಲ್ಲ. ಅಲ್ಲಿಯವರೆಗೆ ರಾತ್ರಿ ಅವರೊಬ್ಬರೇ ಮಲಗುವುದು ಬೇಡ. ತೋಟಕ್ಕೆ ಹೊಡೆಯುವ ವಿಷದ ಮದ್ದು, ಹಳೆಯ ಮಾತ್ರೆ ಡಬ್ಬಿ ಎಲ್ಲ ಬೀಗ ಹಾಕುವ ಕಪಾಟಿಗೆ ಹೋಗಲಿ. ಮಧ್ಯರಾತ್ರಿ ಹೆದರಿಕೆ ಆದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ. ಭಾಷೆ ಆರಿಸಲಿಕ್ಕೆ ಬಿಡುತ್ತಾರೆ, ಕನ್ನಡ ಎಂದು ಕೇಳಿ. ನಿಮಗೇ ಮಾತಾಡಬೇಕು ಅನಿಸಿದರೂ ಮಾಡಬಹುದು.

ನೀವು ಮಾಡಿದ್ದು ತಪ್ಪು ಎಂದು ಕೊರಗಬೇಡಿ. ಮಗಳನ್ನು ಆ ಜಾಗದಲ್ಲಿ ಕೂರಿಸಬಾರದಿತ್ತು, ಅಷ್ಟೆ.


ದೇರಳಕಟ್ಟೆ ಪಿ.ಜಿ.
ಗುರುವಾರ, ಬೆಳಿಗ್ಗೆ 6:50

ಮನೋವೈದ್ಯಶಾಸ್ತ್ರದಲ್ಲಿ ಎರಡನೇ ವರ್ಷದ ಪಿ.ಜಿ. ನಾನು, ಊರು ಬೆಳ್ಳೂರು. ಸಿಸ್ಟರ್ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ, ಮೊದಲು ಹೋಗಿ ಬನ್ನಿ.

ಆ ಹಾಳೆಯ ಹೆಸರು ಪಿ.ಎಚ್.ಕ್ಯೂ-9. ಅಮೆರಿಕದಲ್ಲಿ ತಯಾರಾದದ್ದು. ಒಟ್ಟು 27 ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರಬಹುದು ಎಂದು ಇನ್ನಷ್ಟು ವಿಚಾರಿಸುತ್ತೇವೆ. ಅದು ಜರಡಿ ಇದ್ದ ಹಾಗೆ, ಅದರಿಂದಲೇ ರೋಗ ತೀರ್ಮಾನ ಆಗುವುದಿಲ್ಲ. ಆದರೆ ಒ.ಪಿ.ಯಲ್ಲಿ ಹೊರಗೆ ಅರುವತ್ತು ಜನ ಕಾಯುತ್ತಿರುವಾಗ 9 ಕಂಡರೆ ಮನಸ್ಸು ಸ್ವಲ್ಪ ನಿರಾಳವಾಗುತ್ತದೆ. ಅದನ್ನು ನಾನು ಒಪ್ಪಿಕೊಳ್ಳುತ್ತೇನೆ. ಅದರ ಕನ್ನಡ ರೂಪವೂ ಉಂಟು, ಮಲಯಾಳ ರೂಪವೂ ಉಂಟು. ಗಡಿಯಲ್ಲಿ ಯಾವ ಹಾಳೆ ಮೇಜಿನ ಮೇಲೆ ಇರುತ್ತದೆ ಎಂಬುದು ಆಸ್ಪತ್ರೆ ಗಡಿಯ ಯಾವ ಕಡೆ ಉಂಟು ಎಂಬುದರ ಮೇಲೆ ಹೋಗುತ್ತದೆ, ರೋಗಿ ಯಾರು ಎಂಬುದರ ಮೇಲೆ ಅಲ್ಲ.

ಇನ್ನು ನಿಮ್ಮ ಹೆದರಿಕೆಯ ಬಗ್ಗೆ. ಸಾಯುವ ಮಾತು ಎತ್ತಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುತ್ತದಾ ಎಂದು ಎಲ್ಲರಿಗೂ ಅನಿಸುತ್ತದೆ. 2014ರಲ್ಲಿ ಲಂಡನ್ನಿನ ಸಂಶೋಧಕರು ಇದೇ ವಿಷಯದ 13 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೇಳಿದ್ದರಿಂದ ಅಂಥ ಯೋಚನೆ ಹೆಚ್ಚಾಯಿತು ಎಂದು ಒಂದರಲ್ಲಿಯೂ ಕಾಣಲಿಲ್ಲ. ಎಷ್ಟೋ ಜನರಿಗೆ ಕೇಳಿದ ಮೇಲೆ ಎದೆ ಹಗುರಾಗುತ್ತದೆ, ಅದನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ನೋಡುತ್ತಿದ್ದೇನೆ.


ನಿವೃತ್ತ ಮಾಷ್ಟ್ರು, ಕುಂಬ್ಡಾಜೆ
ಗುರುವಾರ, ಬೆಳಿಗ್ಗೆ 9:15

ಮಗಳೇ, ನಿನ್ನ ಬರಹ ಓದಿ ಬೆಳಗ್ಗಿನ ಕಾಫಿ ಸೇರಲಿಲ್ಲ. ಮೂವತ್ತೆರಡು ವರ್ಷ ಕನ್ನಡ ಕಲಿಸಿದವನು ನಾನು. ನೀನು ಹೇಳಿದ "ಬೇಜಾರ" ಎಂಬ ಒಂದು ಶಬ್ದವನ್ನೇ ತಕ್ಕೊಳ್ಳುವ. ಹೊತ್ತು ಹೋಗದಿದ್ದರೂ ಬೇಜಾರ, ಮಗ ಮಾತಾಡಿಸದಿದ್ದರೂ ಬೇಜಾರ, ಹೆಂಡತಿ ಸತ್ತರೂ ಬೇಜಾರ. ಯಾವ ಬೇಜಾರ ಎಂದು ಮುಖ ನೋಡಿ ತಿಳಿಯಬೇಕು.

ಹಾಗೆಯೇ "ಉದಾಸೀನ". ಬೆಂಗಳೂರಿನವರು ಅಲಕ್ಷ್ಯ ಎಂಬರ್ಥದಲ್ಲಿ ಬರೆಯುತ್ತಾರೆ. ನಮ್ಮಲ್ಲಿ "ಏಳಲಿಕ್ಕೆ ಉದಾಸೀನ ಆಗ್ತದೆ" ಎಂದರೆ ಸೋಮಾರಿತನ. ಖಿನ್ನತೆಯಿಂದ ಹಾಸಿಗೆ ಬಿಟ್ಟು ಏಳಲಾಗದ ಹುಡುಗ "ಉದಾಸೀನ" ಎಂದು ಹೇಳಿದರೆ ಮನೆಯವರು ಬೈಯುತ್ತಾರೆ, ಮದ್ದು ಕೊಡಿಸುವುದಿಲ್ಲ.

"ಸಂಕಟ" ಇನ್ನೂ ಅಪಾಯದ್ದು. ಮಲಯಾಳದಲ್ಲಿ ಸಂಕಡಂ ಎಂದರೆ ದುಃಖ. ನಮ್ಮ ಅಜ್ಜಿಯಂದಿರು "ಹೊಟ್ಟೆಯಲ್ಲಿ ಸಂಕಟ" ಎನ್ನುವುದು ಉರಿ, ಓಕರಿಕೆಗೆ. ಒಂದೇ ಶಬ್ದ, ಒಬ್ಬರು ಹೊಟ್ಟೆಯ ಮದ್ದಿಗೆ ಬಂದಿರುತ್ತಾರೆ, ಇನ್ನೊಬ್ಬರು ದುಃಖ ಎಂದು ಬರೆದುಕೊಳ್ಳುತ್ತಾರೆ. ಆದರೆ ಸಂತೋಷದ ಸಂಗತಿಯೂ ಉಂಟು. ಹವ್ಯಕರು "ಒರಕ್ಕು ಬತ್ತಿಲ್ಲೆ" ಎಂದರೆ ಮಲಯಾಳದ ಡಾಕ್ಟರಿಗೆ ಥಟ್ಟನೆ ತಿಳಿಯುತ್ತದೆ, ಅವರ ಉರಕ್ಕಂ ನಮ್ಮ ಒರಕ್ಕಿನ ಅಕ್ಕತಂಗಿ.

ನಮ್ಮ ಕರಾವಳಿಯ ಜನರ ಮನಸ್ಸನ್ನು ಅವರ ಮಾತಿನಲ್ಲಿಯೇ ಕೇಳಿ ಅಳೆಯುವ ಕೆಲಸ ಹಿಂದೆಯೇ ಆಗಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಉಡುಪಿ ಹತ್ತಿರದ ಕೋಟದಲ್ಲಿ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಎಂಬ ಮನೋವೈದ್ಯರು ಬ್ರಾಹ್ಮಣ, ಬಂಟ, ಮೊಗವೀರ ಮನೆಗಳನ್ನು ಹೊಕ್ಕು ವಿಚಾರಿಸಿದರು. 1976ರಲ್ಲಿ ಅದು ಪುಸ್ತಕವಾಗಿ ಬಂತು. ವಿದೇಶದ ಪ್ರಶ್ನಾವಳಿ ಇಲ್ಲಿಗೆ ಹೊಂದುವುದಿಲ್ಲ ಎಂದು ಕಪೂರ್ ಇಲ್ಲಿಯವರಿಗಾಗಿ ಬೇರೆಯೇ ಸಂದರ್ಶನ ಕ್ರಮ ತಯಾರಿಸಿದ್ದರು. ಐವತ್ತು ವರ್ಷದ ಹಿಂದೆ ಅವರಿಗೆ ಹೊಳೆದದ್ದು ನಮಗೆ ಈಗಲೂ ಆಸ್ಪತ್ರೆಯಲ್ಲಿ ಸಿಗುವುದಿಲ್ಲ ಎಂದರೆ ನನಗೆ ಸಿಟ್ಟು ಬರುತ್ತದೆ.

ಕಾನೂನೂ ಉಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 22ನೇ ಸೆಕ್ಷನ್ ಓದಿ ನೋಡಿ. ರೋಗ, ಚಿಕಿತ್ಸೆ ಎರಡರ ಮಾಹಿತಿಯನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ಕೊಡಬೇಕು. ನಾವು ರೇಷನ್ ಕಾರ್ಡಿನ ಅರ್ಜಿ ಕನ್ನಡದಲ್ಲಿ ಬೇಕು ಎಂದು ಧರಣಿ ಕೂತವರು. ಇದಕ್ಕೆ ಒಂದು ಮನವಿಯನ್ನೂ ಬರೆದಿಲ್ಲ.


ವರ್ಕಾಡಿ 29
ಗುರುವಾರ, ಮಧ್ಯಾಹ್ನ 1:20

ಮಾಷ್ಟ್ರೇ, ನಿಮ್ಮ ಮಾತಿಗೆ ಗೌರವ ಇಟ್ಟೇ ಬೇರೆ ಒಂದು ಮಾತು ಹೇಳುತ್ತೇನೆ. ನನಗೆ ಇಪ್ಪತ್ತಾರನೇ ವಯಸ್ಸಿನಲ್ಲಿ ಖಿನ್ನತೆ ಬಂತು. ಗಲ್ಫಿನಿಂದ ಕೆಲಸ ಬಿಟ್ಟು ಬಂದಿದ್ದೆ. ನಾನು ಬೇಕೆಂದೇ ಕನ್ನಡ, ತುಳು ಗೊತ್ತಿಲ್ಲದ ಡಾಕ್ಟರನ್ನು ಹುಡುಕಿಕೊಂಡು ಪಯ್ಯನ್ನೂರಿನ ಕಡೆ ಹೋದೆ. ನಮ್ಮ ಊರಿನಲ್ಲಿ ಮಾತು ಹೋಗುವ ವೇಗ ನಿಮಗೆ ಗೊತ್ತು. ನಮ್ಮ ಭಾಷೆಯವರು ಎಂದರೆ ನಮ್ಮ ಊರಿನವರು, ಊರಿನವರು ಎಂದರೆ ತಂಗಿಗೆ ಗಂಡು ಹುಡುಕುವಾಗ "ಅವಳ ಅಣ್ಣನಿಗೆ ಮಂಡೆ ಸರಿ ಇಲ್ಲವಂತೆ" ಎಂದು ಹೇಳಬಲ್ಲವರು. ಹರುಕು ಮಲಯಾಳದಲ್ಲಿ ಹೇಳಿಕೊಂಡೆ, ಮದ್ದು ತಿಂದೆ, ಗುಣ ಆಯಿತು. ಗೊತ್ತಿಲ್ಲದವರ ಎದುರು ಅಳುವುದು ನನಗೆ ಸುಲಭ ಆಯಿತು.


ನೀರ್ಚಾಲಿನ ಮಗಳು
ಗುರುವಾರ, ಸಂಜೆ 5:30

ವರ್ಕಾಡಿಯವರೇ, ನೀವು ಹೇಳಿದ್ದು ಓದಿ ಹೊಸದೊಂದು ತಿಳಿಯಿತು. ಅಬ್ಬೆ ನನ್ನೆದುರು ಬಾಯಿ ಬಿಡದೇ ಇದ್ದದ್ದಕ್ಕೂ ಅದೇ ಕಾರಣ ಇರಬಹುದು.

ಡಾಕ್ಟರಿಗೆ ಫೋನ್ ಮಾಡಿದೆ. ಶನಿವಾರ ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ರಾತ್ರಿ ಅಬ್ಬೆಯ ಪಕ್ಕದಲ್ಲೇ ಇರಬೇಕು, ಏನಾದರೂ ವ್ಯತ್ಯಾಸ ಕಂಡರೆ ಕೂಡಲೇ ಕರಕೊಂಡು ಬರಬೇಕು ಎಂದರು. ಪಿ.ಜಿ.ಯವರ ಹತ್ತಿರ ಒಂದು ಸಂಶಯ. ನಮ್ಮಲ್ಲಿ ವಯಸ್ಸಾದವರು ಎಲ್ಲರೂ "ದೇವರು ಒಂದು ಸಲ ಕರಕ್ಕೊಂಡರೆ ಸಾಕು" ಎಂದು ಹೇಳುತ್ತಲೇ ಇರುತ್ತಾರೆ. ನಮ್ಮ ಅಜ್ಜಿ ಹಾಗೆ ಹೇಳುತ್ತ ಹೇಳುತ್ತ ತೊಂಬತ್ತೊಂದು ವರ್ಷ ಬದುಕಿದರು. ಅದು ಬಾಯಿಮಾತೋ ಒಳಗಿನದ್ದೋ ಎಂದು ಹೇಗೆ ತಿಳಿಯುವುದು?


ದೇರಳಕಟ್ಟೆ ಪಿ.ಜಿ.
ಗುರುವಾರ, ರಾತ್ರಿ 9:40

ಒಳ್ಳೆಯ ಪ್ರಶ್ನೆ. ಮಾತಿನಿಂದ ಮಾತ್ರ ತಿಳಿಯುವುದಿಲ್ಲ. ಆ ಮಾತಿನ ಜೊತೆ ಏನೇನು ಬದಲಾಗಿದೆ ಎಂದು ನೋಡಬೇಕು. ನಿಮ್ಮ ಅಜ್ಜಿ ಹಾಗೆ ಹೇಳಿ ಆಮೇಲೆ ಉಪ್ಪಿನಕಾಯಿ ಭರಣಿ ತೊಳೆಯಲು ಹೋಗಿರುತ್ತಾರೆ. ನಿಮ್ಮ ಅಮ್ಮ ಊಟ ಬಿಟ್ಟಿದ್ದಾರೆ, ನಿದ್ದೆ ಬಿಟ್ಟಿದ್ದಾರೆ, ಪ್ರೀತಿಯ ಕೆಲಸ ಬಿಟ್ಟಿದ್ದಾರೆ. ಹಾಗಿರುವಾಗ ಮುಂದಿನ ಪ್ರಶ್ನೆಯನ್ನು ಕೇಳಲೇಬೇಕು: ಹಾಗೆ ಯಾವಾಗ ಅನಿಸುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನಾದರೂ ಮಾಡಿಕೊಳ್ಳಬೇಕು ಎಂಬವರೆಗೆ ಹೋಗಿದೆಯಾ, ಯಾವುದು ತಡೆಯಿತು. "ಯಾವುದು ತಡೆಯಿತು" ಎಂಬುದಕ್ಕೆ ಸಿಗುವ ಉತ್ತರ ಬಹಳ ಮುಖ್ಯ, ಮುಂದಿನ ಚಿಕಿತ್ಸೆಗೆ ಅದನ್ನೇ ಹಿಡಿದುಕೊಳ್ಳುತ್ತೇವೆ. ಮನೆಯವರು ಎದುರಿಗಿದ್ದರೆ ಇದಕ್ಕೆ ನಿಜವಾದ ಉತ್ತರ ಬರುವುದಿಲ್ಲ.

ನೀವು ಸಂಶೋಧನೆ ಕೇಳಿದ್ದಿರಿ. ನನಗೆ ತುಂಬ ಇಷ್ಟವಾದ ಎರಡನ್ನು ಹೇಳುತ್ತೇನೆ.

ಒಂದು ಜಿಂಬಾಬ್ವೆಯದ್ದು. ಆ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಹರಾರೆಯ ಎಂಬಾರೆ ಎಂಬಲ್ಲಿ 14 ಅಜ್ಜಿಯಂದಿರಿಗೆ ತರಬೇತಿ ಕೊಟ್ಟರು. ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಮರದ ಬೆಂಚು, ಅಜ್ಜಿ ಒಂದು ಕಡೆ, ನೊಂದವರು ಒಂದು ಕಡೆ. ಅಜ್ಜಿಯಂದಿರು ಖಿನ್ನತೆ ಎಂಬ ಶಬ್ದ ಬಳಸುವುದಿಲ್ಲ. ಅಲ್ಲಿಯ ಶೋನಾ ಭಾಷೆಯಲ್ಲಿ ಕುಫುಂಗಿಸಿಸಾ ಎಂಬ ಮಾತು ಉಂಟು, ಅತಿಯಾಗಿ ಯೋಚಿಸುವುದು ಎಂದು ಅರ್ಥ. ಅದರಿಂದಲೇ ಮಾತು ಶುರು. ಪ್ರಶ್ನಾವಳಿಯೂ ಶೋನಾ ಜನರ ಮಾತಿನಿಂದಲೇ ಕಟ್ಟಿದ್ದು. 2016ರಲ್ಲಿ 24 ಆರೋಗ್ಯ ಕೇಂದ್ರಗಳ 573 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ಆರು ತಿಂಗಳ ನಂತರ, ಬೆಂಚಿನಲ್ಲಿ ಕೂತವರಲ್ಲಿ ಶೇ 14ರಷ್ಟು ಜನರಲ್ಲಿ ಮಾತ್ರ ಖಿನ್ನತೆಯ ಲಕ್ಷಣ ಉಳಿದಿತ್ತು. ಮಾಮೂಲು ಚಿಕಿತ್ಸೆಯವರಲ್ಲಿ ಅದು ಶೇ 50ರ ಹತ್ತಿರ.

ಕುಫುಂಗಿಸಿಸಾ ಓದಿದ ದಿನ ನನಗೆ ನೆನಪಾದದ್ದು ನಮ್ಮ "ಮಂಡೆಬಿಸಿ". ತುಳುವಿನಲ್ಲಿ ಮಂಡೆಬೆಚ್ಚ, ಹವ್ಯಕದಲ್ಲಿ ಮಂಡೆಬೆಶಿ. ನಮ್ಮ ಮೂರೂ ಮಾತುಗಳಲ್ಲಿ ತಲೆ ಬಿಸಿಯಾಗುತ್ತದೆ! ನಾನು ಈಗ ಕಾಸರಗೋಡಿನಿಂದ ಬರುವ ಹಿರಿಯರ ಹತ್ತಿರ ಮೊದಲು ಅದನ್ನೇ ಕೇಳುವುದು, "ಮಂಡೆಬಿಸಿ ಎಂತ ಉಂಟು ಹೇಳಿ" ಎಂದು. ಹತ್ತು ನಿಮಿಷ ನಿಲ್ಲಿಸದೆ ಮಾತಾಡುತ್ತಾರೆ.

ಎರಡನೆಯದು ಗೋವಾದ್ದು, ನಮ್ಮದೇ ಕರಾವಳಿ. ವಿಕ್ರಂ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಧ್ಯಮಕ್ಕಿಂತ ಹೆಚ್ಚು ತೀವ್ರ ಖಿನ್ನತೆ ಇದ್ದ 495 ಜನರ ಜೊತೆ ಮಾಡಿದ್ದು, 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಮಾತಾಡಿಸಿದವರು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಊರಿನ ಭಾಷೆ ಬಲ್ಲ ಸಾಮಾನ್ಯರಿಗೆ ತರಬೇತಿ ಕೊಟ್ಟದ್ದು. ಆರರಿಂದ ಎಂಟು ಸಲ ಕೂತು ಮಾತು. ಮನಸ್ಸು ಬಂದ ಮೇಲೆ ಕೆಲಸಕ್ಕೆ ಏಳುವ ಎಂದು ಕಾಯದೆ, ಚಿಕ್ಕ ಕೆಲಸವೊಂದನ್ನು ಗೊತ್ತುಮಾಡಿಕೊಂಡು ಮಾಡುವುದು, ಅದರಿಂದ ಮನಸ್ಸು ಹೇಗಾಯಿತು ಎಂದು ಮುಂದಿನ ಸಲ ಹೇಳುವುದು. ಮೂರು ತಿಂಗಳಿಗೆ ಇವರಲ್ಲಿ ಶೇ 64 ಜನ ಗುಣವಾದರು, ಮಾತು ಸಿಗದವರಲ್ಲಿ ಶೇ 39.

ವರ್ಕಾಡಿಯವರ ಗುಟ್ಟಿನ ಪ್ರಶ್ನೆ ದೊಡ್ಡದು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಪಕ್ಕದ ಪಂಚಾಯತಿನವರನ್ನು ಹಾಕಬಹುದು, ಭಾಷೆ ಒಂದೇ, ನೆಂಟಸ್ತಿಕೆ ಇಲ್ಲ.


ಎಣ್ಮಕಜೆಯ ಅಮ್ಮ
ಶುಕ್ರವಾರ, ಬೆಳಿಗ್ಗೆ 4:35

ನಾನು ಇಲ್ಲಿ ಬರೆದವಳಲ್ಲ, ಓದುವವಳು ಮಾತ್ರ. ಇವತ್ತು ಬರೆಯುತ್ತೇನೆ.

ನನ್ನ ಮಗನಿಗೆ ಇಪ್ಪತ್ತೆಂಟು. ಮಾತು ಇಲ್ಲ, ನಡೆಯುವುದಿಲ್ಲ. ನಮ್ಮ ಮನೆಯ ಮೇಲಿನ ಗುಡ್ಡೆಯಲ್ಲಿ ಗೇರು ತೋಟ. ಎಪ್ಪತ್ತರ ದಶಕದಿಂದ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಚಿಮುಕಿಸಿದ್ದು ನಿಮಗೆಲ್ಲ ಗೊತ್ತೇ ಉಂಟು. ನಮ್ಮ ಪಡ್ರೆ ಗ್ರಾಮದ ಹೆಸರು ದೇಶವೆಲ್ಲ ಕೇಳಿತು. ಅಹಮದಾಬಾದಿನಿಂದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಇಲ್ಲಿಯ 117 ಹುಡುಗರನ್ನೂ ಮದ್ದು ಬೀಳದ ಕಡೆಯ 90 ಹುಡುಗರನ್ನೂ ಪರೀಕ್ಷೆ ಮಾಡಿ, ಇಲ್ಲಿಯ ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು 2003ರಲ್ಲಿ ಬರೆದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಎಂದಿತು. ಅದಕ್ಕೆಲ್ಲ ದುಡಿದವರಿಗೆ ನಾನು ಕೈಮುಗಿಯುತ್ತೇನೆ.

ಮನೆಗೆ ಬಂದವರು ಮಗನ ತಲೆ ಅಳೆದರು, ಕೈಕಾಲು ನೋಡಿದರು, ಫೋಟೋ ತೆಗೆದರು. ಬಾವಿ ನೀರು ಕೊಂಡುಹೋದರು. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಹತ್ತಿರ "ನಿನಗೆ ನಿದ್ದೆ ಬರುತ್ತದಾ" ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಒಂದು ಮದುವೆಗೆ ಪೂರ್ತಿ ನಿಂತವಳಲ್ಲ. ಗಂಡ ಬೇರೆ ಊರಿಗೆ ಹೋದವರು ಬರಲಿಲ್ಲ. ಬೀಡಿ ಕಟ್ಟುತ್ತೇನೆ, ಅವನ ಪಕ್ಕದಲ್ಲಿಯೇ ಕೂತು. ನನಗೆ ಇರುವುದು ಒಂದೇ ಮಂಡೆಬೆಚ್ಚ, ನಾನು ಹೋದ ಮೇಲೆ ಇವನಿಗೆ ಯಾರು. ಆ ಒಂಬತ್ತನೇ ಪ್ರಶ್ನೆಯನ್ನು ನನಗೆ ಕೇಳಿದರೆ ಏನು ಹೇಳಲಿ? ಸಾಯಲು ಹೆದರಿಕೆ ಇಲ್ಲ. ಇವನನ್ನು ಬಿಟ್ಟು ಸಾಯಲು ಹೆದರಿಕೆ. ಆ ಹಾಳೆಯಲ್ಲಿ ಇದಕ್ಕೆ ಎಷ್ಟು ಅಂಕ?


ಮುಳ್ಳೇರಿಯದ ಸಿಸ್ಟರ್
ಶುಕ್ರವಾರ, ಬೆಳಿಗ್ಗೆ 7:10

ಅಕ್ಕಾ, ಎರಡು ಸಲ ಓದಿದೆ. ಈ ಪಂಚಾಯತುಗಳಲ್ಲಿ ಕೆಲಸ ಮಾಡುವ ನನ್ನಂಥವರಿಗೆ ನೀವು ಕೇಳಿದ ಪ್ರಶ್ನೆ ನಾಟಬೇಕು. ನಾವೂ ಮಗನ ಹಾಸಿಗೆ ಹುಣ್ಣು ನೋಡಿ, ಮದ್ದು ಕೊಟ್ಟು, ನಿಮ್ಮ ಕೈಯ ಚಹಾ ಕುಡಿದು ಹೊರಟು ಬರುವವರೇ.

ನಿಮಗೆ ಸಂದೇಶ ಕಳಿಸಿದ್ದೇನೆ, ನೋಡಿ. ಸೋಮವಾರ ನಾನೇ ಬರುತ್ತೇನೆ. ಮಗನನ್ನು ನೋಡಲಿಕ್ಕಲ್ಲ, ನಿಮ್ಮ ಹತ್ತಿರ ಮಾತಾಡಲಿಕ್ಕೆ.

ಉಳಿದವರಿಗೆ ಒಂದು ಮಾತು. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಕೇರಿಗೆ, ಎಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆಗೆ, ಸರಕಾರದ ನೀತಿಯೇ ಉಂಟು. ಪಂಚಾಯತಿನ ನರ್ಸು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾಳೆ, ಜೊತೆಗೆ ಆಶಾ ಕಾರ್ಯಕರ್ತೆ ಇರುತ್ತಾಳೆ, ಊರಿನ ಸ್ವಯಂಸೇವಕರು ಇರುತ್ತಾರೆ. ಆಚೆ ಕರ್ನಾಟಕದವರು ನಮ್ಮ ಈ ವ್ಯವಸ್ಥೆ ನೋಡಿ ಆಶ್ಚರ್ಯಪಡುತ್ತಾರೆ. ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಅದೇ ಜೀಪು, ಅದೇ ದಾರಿ. ಹಾಸಿಗೆಯಲ್ಲಿ ಇರುವವರನ್ನು ನೋಡಿದ ಮೇಲೆ ಅಡುಗೆಮನೆಯಲ್ಲಿ ನಿಂತವಳ ಹತ್ತಿರ ಕಾಲು ಗಂಟೆ ಕೂತರೆ ಆಯಿತು. ಅವಳ ಮಾತಿನಲ್ಲಿ ಕೇಳಲು ಗೊತ್ತಿರಬೇಕು, ಕೇಳಿದ ಮೇಲೆ ಎಲ್ಲಿಗೆ ಕಳಿಸಬೇಕು ಎಂದು ಗೊತ್ತಿರಬೇಕು.


ತಾಳವಾಡಿ
ಶುಕ್ರವಾರ, ಬೆಳಿಗ್ಗೆ 11:00

ನಾವು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿಯವರು. ಮನೆಮಾತು ಕನ್ನಡ, ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು ಹೋಗಬೇಕು, ಅಲ್ಲಿ ಎಲ್ಲ ತಮಿಳು. ಚಾಮರಾಜನಗರವೇ ನಮಗೆ ಹತ್ತಿರ. ನಿಮ್ಮ ಕಥೆಯೇ ನಮ್ಮದೂ ಸಾರ್. ನಮ್ಮ ಕಡೆ ಹೆಂಗಸರು "ಎದೆ ಮೇಲೆ ಕಲ್ಲು ಇಟ್ಟಂಗೆ ಆಯ್ತದೆ" ಅಂತಾರೆ, ಇ.ಸಿ.ಜಿ. ಮಾಡಿ ಕಳಿಸ್ತಾರೆ.


ಉಪ್ಪಳದ ಮದ್ದಿನಂಗಡಿ
ಶುಕ್ರವಾರ, ಮಧ್ಯಾಹ್ನ 3:45

ಇಪ್ಪತ್ತು ವರ್ಷದಿಂದ ಮದ್ದಿನಂಗಡಿ ನಡೆಸುವವನು. ನನ್ನ ಮನೆಮಾತು ಮಲಯಾಳ, ಅಂಗಡಿಗೆ ಬರುವವರಿಂದ ಕನ್ನಡ, ತುಳು, ಬ್ಯಾರಿ ಎಲ್ಲ ಕಲಿತೆ. ಮಾತು ಮದ್ದಿನ ಕಡೆಗೂ ಬರಲಿ ಎಂದು ಬರೆಯುತ್ತಿದ್ದೇನೆ.

ಖಿನ್ನತೆಯ ಮಾತ್ರೆ ಶುರು ಮಾಡಿದವರು ವಾರದೊಳಗೆ ಬಂದು "ಗುಣ ಕಾಣುವುದಿಲ್ಲ, ಹೊಟ್ಟೆ ತೊಳಸುತ್ತದೆ" ಎಂದು ನಿಲ್ಲಿಸುತ್ತಾರೆ. ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಿರುವುದಿಲ್ಲ. ಇನ್ನು ಕೆಲವರು ಮೂರು ತಿಂಗಳಿಗೆ ಗುಣವಾಯಿತು ಎಂದು ಒಂದೇ ದಿನದಲ್ಲಿ ಪೂರ್ತಿ ಬಿಡುತ್ತಾರೆ. 2021ರಲ್ಲಿ ಇಂಗ್ಲೆಂಡಿನಲ್ಲಿ ಇದರ ಬಗ್ಗೆ ಒಂದು ಪರೀಕ್ಷೆ ಆಯಿತು. ವರ್ಷಗಟ್ಟಲೆ ಮಾತ್ರೆ ತಿಂದು ಚೆನ್ನಾಗಿದ್ದ 478 ಜನರಲ್ಲಿ ಅರ್ಧ ಜನರಿಗೆ ಮುಂದುವರಿಸಿದರು, ಅರ್ಧ ಜನರಿಗೆ ನಿಧಾನಕ್ಕೆ ಇಳಿಸಿ ಬಿಡಿಸಿದರು. ವರ್ಷದೊಳಗೆ ರೋಗ ಮರಳಿದ್ದು ಬಿಟ್ಟವರಲ್ಲಿ ಶೇ 56, ಮುಂದುವರಿಸಿದವರಲ್ಲಿ ಶೇ 39. ಅಂದರೆ ಬಿಟ್ಟವರಲ್ಲಿಯೂ ಶೇ 44 ಜನ ಚೆನ್ನಾಗಿಯೇ ಇದ್ದರು, ಜೀವಮಾನವಿಡೀ ತಿನ್ನಬೇಕು ಎಂದು ಇಲ್ಲ. ಬಿಡುವುದಾದರೆ ಡಾಕ್ಟರಿಗೆ ಹೇಳಿ, ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿ.

ಲಾಕ್‌ಡೌನ್ ಶುರುವಾದಾಗ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು ನೆನಪುಂಟಲ್ಲ, 2020ರ ಮಾರ್ಚಿನಲ್ಲಿ? ಮಂಗಳೂರಿನ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಎಷ್ಟು ಜನ ನನ್ನ ಅಂಗಡಿಯೆದುರು ನಿಂತರು ಎಂದು ಲೆಕ್ಕ ಇಲ್ಲ. ಆ ವಾರ ಮಾತ್ರೆ ತಪ್ಪಿ ಮತ್ತೆ ಕಾಯಿಲೆ ಮರುಕಳಿಸಿದ ಒಬ್ಬ ಹುಡುಗನ ತಂದೆ ನನ್ನೆದುರು ಅತ್ತರು. ಮನಸ್ಸಿನ ಕಾಯಿಲೆಗೆ ಗಡಿಯ ಆಚೆಯನ್ನೇ ನಂಬಿಕೊಂಡು ಇರುವುದು ಎಷ್ಟು ಅಪಾಯ ಎಂದು ಅಂದು ತಿಳಿಯಿತು.


ನಿವೃತ್ತ ಮಾಷ್ಟ್ರು, ಕುಂಬ್ಡಾಜೆ
ಶುಕ್ರವಾರ, ಸಂಜೆ 6:20

ಎಣ್ಮಕಜೆಯ ತಾಯಿಗೆ ನನ್ನ ನಮಸ್ಕಾರ.

ಒಬ್ಬರು ನನಗೆ ಖಾಸಗಿಯಾಗಿ ಕೇಳಿದರು, ದೈವಸ್ಥಾನಕ್ಕೆ ಹೇಳಿಕೆ ಮಾಡಿಕೊಂಡರೆ ಸಾಲದಾ, ದೈವ ಮೈಮೇಲೆ ಬರುವ ಪಾತ್ರಿಯ ನುಡಿ ಕೇಳಿದರೆ ಸಾಲದಾ ಎಂದು. ಇದನ್ನು ತಳ್ಳಿಹಾಕುವವನು ನಾನಲ್ಲ. ಕಪೂರರು ಕೋಟದಲ್ಲಿ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಇವರ ಹತ್ತಿರ ಜನ ಯಾಕೆ ಹೋಗುತ್ತಾರೆ ಎಂದು ಗೌರವದಿಂದಲೇ ವಿಚಾರಿಸಿದ್ದರು. ಜನ ಎರಡೂ ಕಡೆ ಹೋಗುತ್ತಾರೆ ಎಂದು ಕಂಡರು. ನಿಮ್ಹಾನ್ಸಿನ ಆರ್. ರಘುರಾಂ ತಂಡದವರು ತಮಿಳುನಾಡಿನ ಮುತ್ತುಸ್ವಾಮಿ ಎಂಬ ದೇವಸ್ಥಾನದಲ್ಲಿ ಉಳಿದುಕೊಂಡ 31 ರೋಗಿಗಳನ್ನು ನೋಡಿ, ಸರಾಸರಿ ಆರು ವಾರದಲ್ಲಿ ಲಕ್ಷಣಗಳು ಸುಮಾರು ಶೇ 20 ಇಳಿದವು ಎಂದು 2002ರಲ್ಲಿ ಬರೆದರು. ಅಲ್ಲಿ ವಿಶೇಷ ಮಂತ್ರ ತಂತ್ರ ಇರಲಿಲ್ಲ. ಬೈಯದೆ, ಹೊಡೆಯದೆ, ಮನೆಯವರೊಬ್ಬರ ಜೊತೆ ಇರಲು ಜಾಗ ಇತ್ತು. ಅದಕ್ಕೂ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿ ಕಟ್ಟಿದ್ದ ಇಪ್ಪತ್ತೈದಕ್ಕೂ ಹೆಚ್ಚು ರೋಗಿಗಳು ಬೆಂಕಿಯಲ್ಲಿ ಹೋದರು. ದೈವದ ಎದುರು ಅಕ್ಕಿಕಾಳು ಹಿಡಿದು ನಿಲ್ಲಿ, ಮನೆಗೆ ಬಂದು ಮಾತ್ರೆಯನ್ನೂ ತಿನ್ನಿ. ಯಾರನ್ನೂ ಕಟ್ಟಿಹಾಕುವ ಕಡೆ ಬಿಟ್ಟು ಬರಬೇಡಿ.

ಇನ್ನೊಂದು. ಶಬ್ದಗಳ ಪಟ್ಟಿಯೊಂದನ್ನು ನಾನು ಬರೆಯಲು ಶುರು ಮಾಡಿದ್ದೇನೆ. ನಮ್ಮ ಹೆಂಗಸರು ಗಂಡಸರು ಕಷ್ಟ ಹೇಳಿಕೊಳ್ಳುವ ಮಾತು, ಪಕ್ಕದಲ್ಲಿ ಅದರ ನಿಜ ಅರ್ಥ, ಅದನ್ನು ಮಲಯಾಳದಲ್ಲಿ ಏನೆಂದು ತಿಳಿಸಬೇಕು ಎಂದು. ಕನ್ನಡ, ಹವ್ಯಕ, ತುಳು, ಬ್ಯಾರಿ, ಮರಾಟಿ, ಕರಾಡ, ಕೊಂಕಣಿ ಎಲ್ಲ ಬೇಕು. ಈಗ ನಲುವತ್ತೊಂದು ಶಬ್ದ ಆಗಿದೆ. ಉಪ್ಪಳದವರೇ, ಮಲಯಾಳದ ಕಡೆಯನ್ನು ನೀವು ನೋಡಿಕೊಡುತ್ತೀರಾ?


ಉಪ್ಪಳದ ಮದ್ದಿನಂಗಡಿ
ಶುಕ್ರವಾರ, ಸಂಜೆ 6:32

ಖಂಡಿತ ಮಾಷ್ಟ್ರೇ. ಬ್ಯಾರಿಯದ್ದನ್ನೂ ಕೇಳಿ ಬರೆಯುತ್ತೇನೆ.


ವರ್ಕಾಡಿ 29
ಶುಕ್ರವಾರ, ರಾತ್ರಿ 8:05

"ಎಂತದೋ ಒಂಥರಾ" ಎಂಬುದನ್ನು ಸೇರಿಸಿ. ಒಂದು ವರ್ಷ ನಾನು ಬೇರೆ ಏನನ್ನೂ ಹೇಳಿರಲಿಲ್ಲ.


ನೀರ್ಚಾಲಿನ ಮಗಳು
ಭಾನುವಾರ, ಬೆಳಿಗ್ಗೆ 8:50

ನಿನ್ನೆ ಹೋಗಿ ಬಂದೆವು.

ಮೊದಲು ನಾನೊಬ್ಬಳೇ ಒಳಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ, "ತಪ್ಪು ನನ್ನದು, ನಿಮ್ಮ ಬಾಯಿಂದ ಕೇಳಿಸಬಾರದಿತ್ತು" ಎಂದರು. ಅಲ್ಲಿ ಇಂಜೆಕ್ಷನ್ ರೂಮಿನಲ್ಲಿ ಪೆರ್ಲ ಕಡೆಯ ಒಬ್ಬರು ನರ್ಸ್ ಇದ್ದಾರೆ, ಮದುವೆಯಾಗಿ ಆ ಕಡೆ ಹೋದವರು. ಅವರನ್ನು ಕರೆಸಿದರು. ನನ್ನನ್ನು ಹೊರಗೆ ಕೂರಲು ಹೇಳಿದರು. ಬಾಗಿಲು ಮುಚ್ಚಿತು.

ಗೋಡೆಯ ಗಡಿಯಾರ ನೋಡುತ್ತ ಕೂತೆ. ಮೂವತ್ತೈದು ನಿಮಿಷ. ನಡುವೆ ಒಮ್ಮೆ ಅಬ್ಬೆಯ ಅಳು ಕೇಳಿಸಿತು. ಅಪ್ಪ ಹೋದ ದಿನವೂ ಅವರು ಅಷ್ಟು ದೊಡ್ಡಕ್ಕೆ ಅತ್ತಿರಲಿಲ್ಲ. ಏಳಬೇಕು ಅನಿಸಿತು, ಏಳಲಿಲ್ಲ.

ಆಮೇಲೆ ಡಾಕ್ಟರು ನನಗೆ ಬೇಕಾದಷ್ಟನ್ನು ಮಾತ್ರ ಹೇಳಿದರು. ಮದ್ದು ಶುರು ಮಾಡಿದ್ದಾರೆ, ಎರಡು ವಾರಕ್ಕೊಮ್ಮೆ ಬರಬೇಕು, ಪ್ರತಿ ಸಲ ಅದೇ ನರ್ಸ್ ಕೂರುತ್ತಾರೆ. ಈ ಸಲದ ಅಂಕ 19. ಒಳಗೆ ಏನು ಹೇಳಿದಿರಿ ಎಂದು ನಾನು ಅಬ್ಬೆಯ ಹತ್ತಿರ ಕೇಳಿಲ್ಲ.

ಹೊರಗೆ ಬಂದ ಅಬ್ಬೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆ ಕೂಸು ಪೆರ್ಲದ್ದಡ. ಅದರ ಅಜ್ಜಿಯ ಎನಗೆ ಗೊಂತಿದ್ದು" ಎಂದರು. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಬದಿಯಡ್ಕ ಬರುವವರೆಗೆ ನಿದ್ದೆ ಮಾಡಿದರು.


ನಿವೃತ್ತ ಮಾಷ್ಟ್ರು, ಕುಂಬ್ಡಾಜೆ
ಭಾನುವಾರ, ಬೆಳಿಗ್ಗೆ 9:30

ಮಗಳೇ, ಪಟ್ಟಿ ಅರುವತ್ತಮೂರಕ್ಕೆ ಬಂತು. ಆ ಡಾಕ್ಟರಿಗೆ ಒಂದು ಪ್ರತಿ ಕೊಡುತ್ತೀಯಾ?


ನೀರ್ಚಾಲಿನ ಮಗಳು
ಭಾನುವಾರ, ಬೆಳಿಗ್ಗೆ 9:41

ಕೊಡುತ್ತೇನೆ ಮಾಷ್ಟ್ರೇ. ಮುಂದಿನ ಸಲ ಹೋಗುವಾಗ ಎರಡು ಪ್ರತಿ ಕೊಂಡುಹೋಗುತ್ತೇನೆ, ಒಂದು ಡಾಕ್ಟರಿಗೆ, ಒಂದು ಆ ನರ್ಸಿಗೆ. "ಸಾಕಾತು" ಎಂಬುದನ್ನು ಸೇರಿಸಿದ್ದೀರಾ?